ಎರೆದಿನ್ನಿಯ ಮುಚ್ಚಿದ ಹಳ್ಳ

ನೆಲಗನ್ನಡಿ ಬಂದ ಮೇಲೆ ಸಿಂಧನೂರು ಸೀಮೆಯ ರೈತರು ಬೆಳಿಗ್ಗೆ ಎದ್ದು ಆಕಾಶ ನೋಡುವುದನ್ನು ಕಡಿಮೆ ಮಾಡಿದ್ದರು. ಚಹಾ ಕುದಿಯುವಷ್ಟರಲ್ಲಿ ಮೊಬೈಲಿನಲ್ಲಿ ತಮ್ಮ ಹೊಲವನ್ನು ನೋಡಿಕೊಳ್ಳುತ್ತಿದ್ದರು. ಹೊಲವೆಂದರೆ ಮೇಲಿನ ಪೈರಲ್ಲ, ಒಳಗಿನ ನೆಲ. ಬೇರಿನ ಹತ್ತಿರ ಎಷ್ಟು ತೇವವಿದೆ, ತಳದ ನೀರು ಎಷ್ಟು ಮೇಲೆ ಬಂದಿದೆ, ಉಪ್ಪು ಯಾವ ಕಡೆಗೆ ಸರಿಯುತ್ತಿದೆ, ಎಲ್ಲವೂ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಕಾಣುತ್ತಿತ್ತು. "ಇವತ್ತು ಕನ್ನಡಿ ಏನಂತದ?" ಎಂದು ಕೇಳುವುದು "ಊಟ ಆತಾ?" ಎಂದು ಕೇಳಿದಷ್ಟೇ ಸಹಜವಾಗಿಹೋಗಿತ್ತು.

ಅದರ ಹಿಂದಿನ ಉಪಾಯ ಅಂಥ ಗಹನವಾದದ್ದೇನೂ ಅಲ್ಲ. ಪ್ರತಿ ಹೊಲದಲ್ಲೂ ಆಳಕ್ಕೆ ಇಳಿಸಿದ ಗೂಟಗಳಿದ್ದವು. ಗೂಟವೆಂದರೆ ಮಾರುದ್ದದ ಒಂದು ಕೊಳವೆ. ಅದರ ಮೈಮೇಲಿನ ಉಂಗುರಗಳು ಮಣ್ಣಿನಲ್ಲಿ ಚೂರೇ ಚೂರು ವಿದ್ಯುತ್ತು ಹರಿಸಿ, ತೇವವೆಷ್ಟು ಉಪ್ಪೆಷ್ಟು ಎಂದು ಅಳೆದು ಕಳಿಸುತ್ತಿದ್ದವು. ಸಿಂಧನೂರಿನ ಕೇಂದ್ರದಲ್ಲಿದ್ದ ಯಂತ್ರ ಆ ಅಳತೆಗಳನ್ನೆಲ್ಲ ಹೊಂದಿಸಿ ಇಡೀ ಸೀಮೆಯ ನೆಲದ ಪ್ರತಿರೂಪವೊಂದನ್ನು ತನ್ನೊಳಗೆ ಕಟ್ಟಿಕೊಂಡಿತ್ತು. ಕಾಲುವೆಯ ತೂಬುಗಳು ಆ ಪ್ರತಿರೂಪ ಹೇಳಿದಂತೆ ತಾವಾಗಿ ತೆರೆದು ತಾವಾಗಿ ಮುಚ್ಚುತ್ತಿದ್ದವು.

ಆದರೆ ಕನ್ನಡಿಗೆ ಇವತ್ತಿನದು ಮಾತ್ರ ಗೊತ್ತಿತ್ತು. ಕಾಲುವೆ ಬರುವ ಮೊದಲು ಈ ನೆಲ ಹೇಗಿತ್ತೆಂಬುದು ತಿಳಿದಿರಲಿಲ್ಲ. ಹಾಗಾಗಿ ಮುಂದೆ ಹೇಗಾದೀತೆಂದು ಕೇಳಿದರೆ ಅದರ ಉತ್ತರ ಮೂರು ವರ್ಷ ದಾಟುವಷ್ಟರಲ್ಲಿ ದಾರಿ ತಪ್ಪುತ್ತಿತ್ತು. "ಕಾಯಿಲೆಗೆ ಮೊದಲು ಮನುಷ್ಯ ಹೇಗಿದ್ದ ಅನ್ನೋದೇ ಗೊತ್ತಿಲ್ಲದ ಡಾಕ್ಟರ ಹಂಗ ಆಗ್ಯದ ನಮ್ಮ ಪರಿಸ್ಥಿತಿ" ಎಂದು ಶಿವಗಂಗಾ ಸಭೆಗಳಲ್ಲಿ ಹೇಳುತ್ತಿದ್ದಳು. ಅವಳು ಕೇಂದ್ರದ ಮಣ್ಣು ವಿಭಾಗದ ಮುಖ್ಯಸ್ಥೆ. ಐವತ್ತು ದಾಟಿದ ಹೆಂಗಸು. ಹುಟ್ಟಿ ಬೆಳೆದದ್ದು ಅಲ್ಲಿಂದ ಒಂದು ತಾಸಿನ ಬಸ್ ದಾರಿಯ ಎರೆದಿನ್ನಿಯಲ್ಲಿ.

ಆ ಕೊರತೆ ನೀಗುವ ದಾರಿ ಹಳೆಯದೇ ಆಗಿತ್ತು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ಅಣೆಕಟ್ಟಿನ ಮಾತು ಶುರುವಾದಾಗ, ಸರ್ವೇಯವರು ಈ ಸೀಮೆಯ ತುಂಬ ಗುಂಡಿ ತೋಡಿ ಮಣ್ಣನ್ನು ಪದರ ಪದರವಾಗಿ ನೋಡಿದ್ದರು. ಬಣ್ಣ ಯಾವುದು, ಎಷ್ಟು ಅಂಟು, ಸುಣ್ಣದ ಹರಳು ಎಷ್ಟು ಆಳಕ್ಕೆ ಸಿಗುತ್ತದೆ, ತಳದಲ್ಲಿ ಗರಸುಮಣ್ಣಿನ ಮೊರಂ ಇದೆಯೋ ಉಸುಕಿದೆಯೋ, ಹತ್ತಿರದ ಬಾವಿಯ ನೀರು ಸಿಹಿಯೋ ಸವಳೋ, ಇಷ್ಟನ್ನೂ ಬರೆದು ನಕ್ಷೆ ಮಾಡಿದ್ದರು. ಅದನ್ನು ಯಾರೂ ಬಚ್ಚಿಟ್ಟಿರಲಿಲ್ಲ. ನೀರು ಬಂದ ಮೇಲೆ ಯಾರಿಗೂ ಬೇಕಾಗಿರಲಿಲ್ಲ, ಅಷ್ಟೆ. ಶಿವಗಂಗಾ ಹೈದರಾಬಾದಿನಿಂದ ಅವುಗಳ ಪ್ರತಿ ತರಿಸಿದಳು. ಉರ್ದು ಬರಹವನ್ನು ಓದಿ ಹೇಳಿದವನು ಜಿಲಾನಿ. ಅವನು ಕೇಂದ್ರದಲ್ಲಿ ತೂಬುಗಳ ಉಸ್ತುವಾರಿ ನೋಡಿಕೊಳ್ಳುವ ಎಂಜಿನಿಯರು, ಅವಳಿಗಿಂತ ನಾಲ್ಕೈದು ವರ್ಷ ಚಿಕ್ಕವನು. ಒಂದು ಚಳಿಗಾಲವೆಲ್ಲ ಇಬ್ಬರೂ ಕೂತು ಆ ಗುಂಡಿಗಳನ್ನು ಒಂದೊಂದಾಗಿ ಕನ್ನಡಿಗೆ ಊಡಿಸಿದರು.

ಮೊದಲು ಕನ್ನಡಿಯನ್ನು ಆ ಕಾಲದಿಂದ ಇವತ್ತಿನವರೆಗೆ ಓಡಿಸಿ ನೋಡಿದರು. ಗೋಡೆಯಗಲದ ಪರದೆಯ ಮೇಲೆ ಬಿಳಿಜೋಳದ ಎರೆ ಹೊಲಗಳು ಹರಡಿಕೊಂಡವು. ಕಾಲುವೆ ಬಂತು. ಹೊಲಗಳು ಮಟ್ಟವಾಗಿ ಗದ್ದೆಗಳಾದವು. ತಳದ ನೀರು ಮೇಲೇರಿತು, ಅದರ ಬೆನ್ನು ಹತ್ತಿ ಉಪ್ಪೂ ಏರಿತು. ಕೊನೆಗೆ ಪರದೆಯ ಮೇಲೆ ಮೂಡಿದ ಇವತ್ತಿನ ಚಿತ್ರ, ಗೂಟಗಳು ಕಳಿಸುತ್ತಿದ್ದ ಇವತ್ತಿನ ಚಿತ್ರಕ್ಕೆ ಹೆಚ್ಚೂಕಡಿಮೆ ತಾಳೆಯಾಯಿತು. ಜಿಲಾನಿ ಮೆಲ್ಲಗೆ ಮೇಜು ತಟ್ಟಿದ.

"ಇನ್ನ ಮುಂದಕ್ಕ ಬಿಡ್ರಿ ಮೇಡಂ."

ಮುಂದಕ್ಕೆ ಬಿಟ್ಟಾಗ ಅವನ ಮುಖ ಬಾಡಿತು. ಎರೆದಿನ್ನಿಯ ಕೆಳಗೆ, ಇಳಿಜಾರಿನ ತುದಿಯಲ್ಲಿ, ತಗ್ಗಿನಹಾಳ ಎಂಬ ಸಣ್ಣ ಊರಿದೆ. ಆಗಲೇ ಅಲ್ಲಿನ ಅಂಚಿನ ಹೊಲಗಳು ಸವಳಾಗಿದ್ದವು. ಕನ್ನಡಿಯಲ್ಲಿ ಆ ಕೆಂಪು ವರ್ಷದಿಂದ ವರ್ಷಕ್ಕೆ ಒಳಗೊಳಗೆ ಹರಡಿ, ಹತ್ತು ವರ್ಷ ತುಂಬುವ ಮೊದಲೇ ಊರನ್ನು ಪೂರ್ತಿ ನುಂಗಿತು.

"ಇದಕ್ಕ ಏನು ಮಾಡಬೇಕು ಅಂತ ಅದನ್ನೇ ಕೇಳ್ರಿ" ಎಂದ ಜಿಲಾನಿ.

ಕೇಳಿದರು. ನೀರು ಕಡಿಮೆ ಮಾಡಿ, ಬೆಳೆ ಬದಲಿಸಿ, ಬಸಿಗಾಲುವೆ ತೋಡಿ, ಹೀಗೆ ಸಾವಿರಾರು ಬಗೆಯಲ್ಲಿ ಓಡಿ ನೋಡಿ ಕನ್ನಡಿ ಒಂದು ಗೆರೆ ಎಳೆಯಿತು. ಹಳೆಯ ನಕ್ಷೆಯಲ್ಲಿ ಎರೆದಿನ್ನಿಯಿಂದ ತಗ್ಗಿನಹಾಳದ ಪಕ್ಕದಲ್ಲಿ ಹಾದು ಹೊಳೆಗೆ ಸೇರುತ್ತಿದ್ದ ಒಂದು ಸೊಟ್ಟ ಹಳ್ಳವಿತ್ತು. ಯಾವಾಗಲೋ ಅದನ್ನು ತುಂಬಿ ಗದ್ದೆ ಮಾಡಿದ್ದರು. ಅದನ್ನು ಮತ್ತೆ ತೆರೆದರೆ ಉಪ್ಪು ಬಸಿದುಹೋಗಲು ದಾರಿಯಾಗುತ್ತಿತ್ತು. ಹಳ್ಳದ ಬಹುಪಾಲು ಒಂದೇ ಸರ್ವೆ ನಂಬರಿನೊಳಗೆ ಬರುತ್ತಿತ್ತು, ಸುಮಾರು ನಾಲ್ಕು ಎಕರೆ. ಪರದೆಯ ಮೂಲೆಯಲ್ಲಿ ಖಾತೆದಾರರ ಹೆಸರು ಮೂಡಿತು: ಬಸಲಿಂಗಮ್ಮ, ಗಂಡ ದಿವಂಗತ ಶಂಕರಗೌಡ.

ಅದು ಶಿವಗಂಗಾಳ ತಾಯಿಯ ಹೆಸರು. ಆದರೆ ಆ ಕ್ಷಣಕ್ಕೆ ಅವಳ ಕಣ್ಣ ಮುಂದೆ ಬಂದದ್ದು ಅಣ್ಣನ ಮುಖ. ಊರೆಲ್ಲ ಅದನ್ನು ಅಮರೇಗೌಡನ ಹೊಲವೆಂದೇ ಕರೆಯುತ್ತಿತ್ತು.

ಭಾನುವಾರ ಅವಳು ಎರೆದಿನ್ನಿಗೆ ಹೋದಳು. ಅತ್ತಿಗೆ ಶರಣಮ್ಮ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಗೋಡೆಗೊರಗಿ ಕೂತು ಪುಂಡಿಸೊಪ್ಪು ಬಿಡಿಸುತ್ತಿದ್ದಳು. ಊಟಕ್ಕೆ ಕೂತ ಮೇಲೆ ಶಿವಗಂಗಾ ಮಾತು ತೆಗೆದಳು.

"ಅಣ್ಣ, ಊರ ಮಂದೀಗೆ ಹೇಳೂಕಿಂತ ಮೊದಲ ನಿನಗೊಂದು ಮಾತು ಹೇಳಬೇಕಾಗ್ಯದ."

ಅವಳು ಹೇಳುತ್ತ ಹೋದಂತೆ ಅಮರೇಗೌಡ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡುತ್ತ ಹೋದ, ತಿನ್ನಲಿಲ್ಲ. ಅರವತ್ತು ದಾಟಿದ್ದರೂ ಗಟ್ಟಿ ಆಳು. ತಂಗಿಯ ಮೇಲೆ ಅವನು ದನಿ ಎತ್ತರಿಸಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

"ನಿನಗ ಎಷ್ಟು ಖಾತ್ರಿ ಅದ?" ಎಂದು ಕೇಳಿದ.

"ಹತ್ತರಾಗ ಏಳು ಪಾಲು."

"ಉಳಿದ ಮೂರು ಪಾಲು?"

"ತಪ್ಪಿರಬಹುದು."

"ತಪ್ಪಿರಬಹುದಂತ ಗೊತ್ತಿದ್ದೂ ನಾಕು ಎಕರೆ ಅಗೀಲಿಕ್ಕೆ ಬಂದೀ."

"ಅಣ್ಣ, ತಗ್ಗಿನಹಾಳದಾಗ ಮೂವತ್ತು ಮನಿ ಅದಾವ."

"ಆ ಹಳ್ಳ ಯಾರು ತುಂಬಿದ್ರು ಗೊತ್ತದ ಏನು ನಿನಗ? ಅಪ್ಪ, ಅವ್ವ. ಎರಡು ಬ್ಯಾಸಗಿ ಬುಟ್ಟೀಲೆ ಮಣ್ಣು ಹೊತ್ತಾರ. ನನ್ನ ಜೋಳಿಗ್ಯಾಗ ಮಲಗಿಸಿ ಹೊತ್ತಾರ. ನೀ ಇನ್ನ ಹುಟ್ಟಿದ್ದಿಲ್ಲ. ಅದೇ ಹೊಲದ ನೆಲ್ಲು ತಿಂದು ಓದಿದಾಕಿ ನೀನು." ಅವನು ನೀರು ಕುಡಿದು ದನಿ ಇಳಿಸಿದ. "ಬ್ಯಾರೆ ದಾರಿ ಇಲ್ಲೇನು?"

"ಅದ. ರಸ್ತೆ ಬಾಜೂಕ ತೋಡಬಹುದು. ಆದ್ರ ಅರ್ಧ ಸುದ್ದಾ ಬಸಿಯಂಗಿಲ್ಲ. ಮ್ಯಾಲ ಹನ್ನೊಂದು ಮನಿಯವರ ತುಂಡು ಹೊಲ ಹೋಗ್ತಾವ."

"ಅದನ್ನ ಬರಕೊಡು. ಬರಿಯೋದು ನಿನ್ನ ಕೈಯಾಗೇ ಅದ ಅಲ್ಲ?"

ಅಣ್ಣ ಕೇಳುವುದಕ್ಕೆ ಮೊದಲೇ ಆ ವಿಚಾರ ಶಿವಗಂಗಾಳಿಗೆ ಬಂದಿತ್ತು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದನ್ನೇ ಮಗುಚಿ ಹಾಕಿದ್ದಳು. ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ಕನ್ನಡಿ ಹೇಳಿತೆಂದರೆ ಸೀಮೆಯೇ ಒಪ್ಪುತ್ತಿತ್ತು.

"ಅದನ್ನ ಬರಿಯೂಕಾಗಂಗಿಲ್ಲಣ್ಣ" ಎಂದಳು ಕೊನೆಗೆ.

ಅಮರೇಗೌಡ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ. ಅವ್ವ ಮಗಳ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಬಡಿಸಿ ಸೊಪ್ಪಿನ ಕಡ್ಡಿಗಳನ್ನು ಗುಡಿಸಿಕೊಂಡಳು.

ಊರ ಸಭೆಯಲ್ಲಿ ಶಿವಗಂಗಾ ಎರಡೂ ದಾರಿಗಳನ್ನು ತೋರಿಸಿ, ಹಳ್ಳ ತೆರೆಯುವುದೇ ಸರಿ ಎಂದಳು. ಅದು ತನ್ನ ಮನೆಯ ಹೊಲ ಎಂಬುದನ್ನೂ ಹೇಳಿದಳು. ಆದರೆ ಒಡೆಯರ ಒಪ್ಪಿಗೆ ಇಲ್ಲದೆ ಒಂದು ಹಿಡಿ ಮಣ್ಣೂ ತೆಗೆಯುವಂತಿರಲಿಲ್ಲ. ಅಮರೇಗೌಡ ಸಭೆಗೆ ಬರಲೇ ಇಲ್ಲ.

ಮುಂಗಾರು ಹಿಡಿದು ಕಾಲುವೆಗೆ ನೀರು ಬಿಟ್ಟ ಸ್ವಲ್ಪ ದಿನಕ್ಕೆ ಕೇಂದ್ರದ ಪರದೆಯ ಮೇಲೆ ಎರೆದಿನ್ನಿಯ ಒಂದು ತುಂಡು ಮಂಕಾಯಿತು.

"ನಿಮ್ಮ ಅಣ್ಣಾರ ಹೊಲ ಮೇಡಂ" ಎಂದ ಜಿಲಾನಿ ಸಂಕೋಚದಿಂದ. "ಗೂಟ ಎಲ್ಲಾ ಒಂದೇ ಸಲ ನಿಂತಾವ. ಮಂದಿ ಕಳಿಸಲೇನು?"

ಗೂಟಗಳು ಒಂದೇ ಸಲ ಕೆಡುವುದಿಲ್ಲ. ಅಣ್ಣನೇ ಕಿತ್ತಿದ್ದಾನೆಂದು ಶಿವಗಂಗಾಳಿಗೆ ತಿಳಿಯಿತು. ತಾನು ಕಳಿಸಿದ ಜನ ಅಣ್ಣನ ಹೊಲಕ್ಕೆ ಕಾಲಿಟ್ಟು ಜಗಳವಾಗುವುದು ಅವಳಿಗೆ ಬೇಕಿರಲಿಲ್ಲ. "ನಾಕು ದಿನ ಬಿಡು. ತಾನೇ ನೆಡ್ತಾನ" ಎಂದಳು.

ಅಳತೆ ಬಾರದ ಕಡೆ ಕನ್ನಡಿ ಅಕ್ಕಪಕ್ಕದ ಹೊಲಗಳನ್ನು ನೋಡಿ ಅಂದಾಜು ಕಟ್ಟುತ್ತಿತ್ತು. ಅಕ್ಕಪಕ್ಕದ ಹೊಲಗಳು ದಿನ್ನೆಯ ಗಟ್ಟಿ ನೆಲ, ಬೇಗ ಒಣಗುವಂಥವು. ಅಮರೇಗೌಡನ ಹೊಲವೂ ಒಣಗಿದೆಯೆಂದುಕೊಂಡು ಕನ್ನಡಿ ತೂಬನ್ನು ಇನ್ನಷ್ಟು ಎತ್ತಿತು. ಅವನ ಹೊಲಕ್ಕೆ ಬೇಕಿಲ್ಲದ ಆ ನೀರು, ಮಣ್ಣು ಮುಚ್ಚಿದ್ದ ಹಳೆಯ ಹಳ್ಳದ ಗುಂಟ ನೆಲದೊಳಗೇ ಇಳಿದು ತಗ್ಗಿನಹಾಳದಲ್ಲಿ ಮೇಲೆದ್ದಿತು. ಜಿಲಾನಿ ಅದನ್ನು ಗಮನಿಸಿ ಕೈಯಿಂದಲೇ ತೂಬು ಇಳಿಸುವಷ್ಟರಲ್ಲಿ ಅಲ್ಲಿನ ರೈತ ಹುಸೇನಪ್ಪನ ಗದ್ದೆಯಲ್ಲಿ ಆಗತಾನೆ ನಾಟಿ ಮಾಡಿದ್ದ ಸಸಿಗಳು ಸವಳು ನೀರಿನಲ್ಲಿ ನಿಂತು ಸುಟ್ಟಂತೆ ಕೆಂಪಾಗಿದ್ದವು.

ಹುಸೇನಪ್ಪ ಅಮರೇಗೌಡನ ಓರಗೆಯವನು. ಸಾಲೆಯಲ್ಲಿ ಇಬ್ಬರೂ ಒಂದೇ ಮಣೆಯ ಮೇಲೆ ಕೂತವರು. ಮರುದಿನ ಬೆಳಿಗ್ಗೆ ಅವನು ಎರೆದಿನ್ನಿಗೆ ಬಂದು ಕಟ್ಟೆಯ ಮೇಲೆ ಕೂತ. ಶರಣಮ್ಮ ಚಹಾ ಕೊಟ್ಟಳು. ಕುಡಿದು ಬಟ್ಟಲು ಇಟ್ಟು ಹೇಳಿದ:

"ಗೌಡ, ನೀ ಗೂಟ ಕಿತ್ತಿದ್ದು ಗೊತ್ತಾತು. ಹೊಲ ನಿಂದು, ನಾ ಏನೂ ಅನ್ನಂಗಿಲ್ಲ. ನನಗೊಂದು ಮಾತು ಹೇಳಿದ್ರ ನಾಟಿ ತಡ ಮಾಡ್ತಿದ್ದೆ, ಅಷ್ಟ."

ಹುಸೇನಪ್ಪ ಜಗಳ ತೆಗೆದಿದ್ದರೆ ಅಮರೇಗೌಡನೂ ನಾಲ್ಕು ಮಾತಾಡಿ ಹಗುರಾಗಬಹುದಿತ್ತು. ಹುಸೇನಪ್ಪ ಹೋದ ಮೇಲೆ ಒಳಗಿನಿಂದ ಅವ್ವನ ದನಿ ಬಂತು. "ಶರಣೀ, ಸಿಂಧನೂರು ಬಸ್ಸು ಎಷ್ಟಕ್ಕ ಅದ?"

ಬಸಲಿಂಗಮ್ಮ ಕೇಂದ್ರದ ಬಾಗಿಲಲ್ಲಿ ಸೊಸೆಯ ಕೈ ಹಿಡಿದು ನಿಂತದ್ದನ್ನು ನೋಡಿ ಶಿವಗಂಗಾ ಗಾಬರಿಯಾಗಿ ಓಡಿ ಬಂದಳು. ಎಂಬತ್ತು ದಾಟಿದ ಅವ್ವ ಬಸ್ಸು ಹತ್ತಿದ್ದೇ ಅಪರೂಪ. ಜಿಲಾನಿ ತನ್ನ ಗಾಲಿ ಕುರ್ಚಿಯನ್ನು ತಂದಿಟ್ಟ. ಅವಳು ಅದರ ಅಂಚಿನಲ್ಲಿ ಕೂತು, ಅದು ಸರಿದಾಡದಂತೆ ಎರಡೂ ಕಾಲು ನೆಲಕ್ಕೆ ಗಟ್ಟಿಯಾಗಿ ಊರಿದಳು.

"ನೀ ಯಾಕ ಬರಾಕ ಹೋದೆವ್ವ? ಫೋನ್ ಮಾಡಿದ್ರ ನಾನೇ ಬರ್ತಿದ್ನಿ."

"ಹೊಲ ಯಾರ ಹೆಸರ್ಲೆ ಅದ?"

"ನಿನ್ನ ಹೆಸರ್ಲೆ."

"ಒಬ್ಬಾಕಿ ಬೇಕು ಅಂದಿ. ಒಬ್ಬಾಂವ ಒಲ್ಲೆ ಅಂದ. ನನ್ನ ಯಾರು ಕೇಳಿದ್ರಿ?"

ಶರಣಮ್ಮ ಸೆರಗಿನ ಮರೆಯಲ್ಲಿ ನಕ್ಕಳು.

"ತಪ್ಪಾತವ್ವ" ಎಂದಳು ಶಿವಗಂಗಾ.

"ಆ ಕನ್ನಡಿ ತೋರಸು."

ಶಿವಗಂಗಾ ಎರೆದಿನ್ನಿಯನ್ನು ದೊಡ್ಡದು ಮಾಡಿ ಕಾಲವನ್ನು ಹಿಂದಕ್ಕೆ ಓಡಿಸಿದಳು. ಗದ್ದೆಯ ಬದುಗಳು ಕರಗಿದವು. ಕಾಲುವೆ ತನ್ನ ಬಾಲವನ್ನು ಎಳೆದುಕೊಂಡು ಹಿಂದೆ ಹೋಯಿತು. ಮಟ್ಟವಾಗಿದ್ದ ನೆಲ ಕುಸಿದು ಅಲ್ಲೊಂದು ಹಳ್ಳ ಬಾಯಿ ತೆರೆಯಿತು. ಬಸಲಿಂಗಮ್ಮ ಕುರ್ಚಿ ಬಿಟ್ಟು ಎದ್ದು ಪರದೆಯ ಹತ್ತಿರ ಹೋಗಿ ನಿಂತಳು.

"ಇಲ್ಲೊಂದು ಜಾಲಿಗಿಡ ಇತ್ತಲ್ಲ?"

"ಗಿಡ ಬರದಿಲ್ಲವ್ವ. ಅವರು ಮಣ್ಣಷ್ಟ ಬರದಾರ."

ಬಹಳ ಹೊತ್ತು ನೋಡಿದ ಮೇಲೆ ಬಸಲಿಂಗಮ್ಮ ತಾನಾಗಿ ಹೇಳತೊಡಗಿದಳು. "ಮಣ್ಣು ಹೊತ್ತದ್ದು ನೆನಪದ. ಸಿಂಬಿ ಇಟ್ಟು ಇಟ್ಟು ನಡುನೆತ್ತಿ ಕೂದಲೇ ಹೋಗಿದ್ದವು. ಆಗ ಹೊಟ್ಟೀಗೆ ಸಾಲ್ತಿದ್ದಿಲ್ಲ, ಹೊಲ ದೊಡ್ಡದಾದ್ರ ಸಾಕಾಗಿತ್ತು. ಹಳ್ಳದ ನೀರು ಎತ್ತಾಗ ಹೋದೀತು ಅಂತ ನಾವು ಕೇಳಿಲ್ಲ, ಯಾರೂ ಹೇಳೂ ಇಲ್ಲ. ನಿಮ್ಮಣ್ಣ ಈಗ ಆ ಮಣ್ಣನ್ನ ದೇವರ ಮಾಡಿ ಕುಂತಾನ. ಹೊತ್ತಾಕಿ ನಾನು, ಸಂಕಟ ಅವಂಗ." ಅವಳು ಮಗಳ ಕಡೆ ತಿರುಗಿದಳು. "ಈಗ ಮುಂದಕ ಓಡಸು."

ಕೆಂಪು ಹರಡುವುದನ್ನು ಅವಳು ನಿಂತೇ ನೋಡಿದಳು. ಹುಸೇನಪ್ಪನ ಮನೆ ಯಾವುದೆಂದು ಕೇಳಿ ಅದರ ಮೇಲೆ ಬೆರಳಿಟ್ಟಳು.

"ಇದು ತಪ್ಪಾದ್ರ?"

"ತಪ್ಪಾದ್ರ ನಾಕು ಎಕರೆ ಸುಮ್ಮನ ಹೋಗ್ತದ. ಗುಂಡಿ ತೋಡಿದ್ರ ಗೊತ್ತಾಗ್ತಿತ್ತವ್ವ, ತಳದಾಗ ಹಳ್ಳದ ಉಸುಕು ಇನ್ನ ಹಂಗೇ ಅದನೋ ಇಲ್ಲೋ ಅಂತ. ಉಸುಕು ಇದ್ರೇನೇ ನೀರು ಬಸಿಯೋದು. ಆದ್ರ ಅಣ್ಣ ನನಗ ಹೊಲದಾಗ ಕಾಲಿಡಗೊಡಂಗಿಲ್ಲ."

"ನೀ ಯಾಕ ಇಡ್ತೀ? ಅವನೇ ತೋಡ್ತಾನ."

ಮನೆಯಲ್ಲಿ ತಾಯಿ ಮಗನ ನಡುವೆ ಏನು ಮಾತಾಯಿತೋ ಶಿವಗಂಗಾಳಿಗೆ ತಿಳಿಯಲಿಲ್ಲ. ಮರುದಿನ ಪರದೆಯ ಮೇಲಿನ ಮಂಕು ತುಂಡಿಗೆ ಬಣ್ಣ ಬಂದಿತ್ತು, ಗೂಟಗಳು ಮತ್ತೆ ನೆಲಕ್ಕೆ ಇಳಿದಿದ್ದವು. ಗುಂಡಿಗೆ ಮಾತ್ರ ಬೆಳೆ ಕೊಯ್ದು ನೆಲ ಒಣಗುವವರೆಗೆ ಕಾಯಬೇಕಾಯಿತು.

ಬೇಸಗೆಯ ಒಂದು ಬೆಳಿಗ್ಗೆ ಎಲ್ಲರೂ ಹೊಲದಲ್ಲಿ ಸೇರಿದರು. ಬಸಲಿಂಗಮ್ಮ ಬದುವಿನ ಬೇವಿನ ಗಿಡದ ಕೆಳಗೆ ಕೂತಳು. ಹುಸೇನಪ್ಪ ತನ್ನದೇ ಸಲಿಕೆ ಹಿಡಿದು ಬಂದಿದ್ದ. ಶಿವಗಂಗಾ ಹಳೆಯ ನಕ್ಷೆಯಂತೆ ಅಳೆದು ಒಂದು ಕಡೆ ಕಲ್ಲಿಟ್ಟಳು. ಅಮರೇಗೌಡ ಅವಳ ಮುಖ ನೋಡದೆ ಗುದ್ದಲಿ ಎತ್ತಿದ. ಹುಸೇನಪ್ಪ ಮಣ್ಣು ಎಳೆದುಹಾಕಿದ.

ಎದೆಮಟ್ಟ ಇಳಿದರೂ ಬರೀ ಎರೆಮಣ್ಣು. ಒತ್ತಾದ, ಕಪ್ಪಾದ, ಮೇಲಿಂದ ಕೆಳಗಿನವರೆಗೆ ಒಂದೇ ತೆರನಾದ ಮಣ್ಣು. ಸುಣ್ಣದ ಹರಳು ಬಂತು. ಇನ್ನೂ ಇಳಿದರೆ ಗಟ್ಟಿ ಮೊರಂ ತಗುಲಿತು. ಉಸುಕಿನ ಸುಳಿವೇ ಇಲ್ಲ.

ಶಿವಗಂಗಾ ಗುಂಡಿಗೆ ಇಳಿದು ಗೋಡೆಯ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಅದು ಎಂದೂ ಯಾರೂ ತುಂಬಿದ ಮಣ್ಣಲ್ಲ, ಮೊದಲಿಂದಲೂ ಅಲ್ಲೇ ಇದ್ದದ್ದು. "ಇಲ್ಲಿ ಹಳ್ಳ ಇರಲಿಲ್ಲ" ಎಂದಳು. "ನಕ್ಷೆ ತಪ್ಪಿರಬೇಕು. ಇಲ್ಲಾಂದ್ರ, ನಾ ನಕ್ಷೆ ಹೊಂದಿಸಿದ್ದು ತಪ್ಪಿರಬೇಕು." ಉಳಿದ ಮೂರು ಪಾಲು ಎಂದರೆ ಹೀಗಿರುತ್ತದೆ ಎಂದು ಅವಳಿಗೆ ಅನಿಸಿತು. ತಗ್ಗಿನಹಾಳದ ಮೂವತ್ತು ಮನೆಗಳ ನೆನಪಾಯಿತು.

ಅಮರೇಗೌಡ ಗುದ್ದಲಿ ನೆಲಕ್ಕೂರಿ ನಿಂತಿದ್ದ. ಅವನು ಗೆದ್ದಿದ್ದ. ಯಾರೂ ಇನ್ನು ಅವನನ್ನು ಏನೂ ಕೇಳುವಂತಿರಲಿಲ್ಲ.

ಹುಸೇನಪ್ಪ ಹಣೆಯ ಬೆವರು ಒರೆಸಿಕೊಂಡ. "ಇರಲಿ ಬಿಡ್ರಿ ಅಕ್ಕಾರ, ನೀವರ ಏನು ಮಾಡ್ತೀರಿ" ಎಂದು ಶಿವಗಂಗಾಳಿಗೆ ಹೇಳಿ ಸಲಿಕೆ ಎತ್ತಿಕೊಂಡ. ತೋಡಿ ಹಾಕಿದ ಮಣ್ಣನ್ನು ಗುಂಡಿಗೆ ತುಂಬತೊಡಗಿದ. ಕಪ್ಪು ಮಣ್ಣು ಬೇರೆ, ಮೊರಂ ಬೇರೆ ಮಾಡಿ, ಮೊರಂ ಅನ್ನು ಮೊದಲು ಕೆಳಗೆ ಹಾಕುತ್ತಿದ್ದ. ಬರುವ ಮುಂಗಾರಿಗೆ ಗೌಡನ ನೆಲ್ಲು ಕೆಡಬಾರದೆಂಬ ಎಚ್ಚರ ಅವನ ಕೈಯಲ್ಲಿತ್ತು.

ಅಮರೇಗೌಡ ಅದನ್ನು ನೋಡುತ್ತ ನಿಂತ.

"ಹುಸೇನಪ್ಪ, ನಿಲ್ಲು" ಎಂದ ಕೊನೆಗೆ.

ಗುದ್ದಲಿಯನ್ನು ಹೆಗಲಿಗೇರಿಸಿ, ಯಾರನ್ನೂ ಕರೆಯದೆ, ಹೊಲದ ಮೂಡಣ ದಿಕ್ಕಿಗೆ ನಡೆದ. ಬಾಕಿಯವರು ಹಿಂದೆ ಹೋದರು. ಬದುವಿಗೂ ಹೊಲದ ನಡುವಿಗೂ ಮಧ್ಯೆ ಒಂದು ಕಡೆ ನಿಂತ.

"ಪ್ರತಿ ವರ್ಷ ನಾಟಿಗೆ ಕೆಸರು ಮಾಡಾಕ ರೊಳ್ಳಿ ಹೊಡಿಯುವಾಗ ಟ್ರ್ಯಾಕ್ಟರಿನ ಗಾಲಿ ಇಲ್ಲೇ ಹುಗೀತದ. ಅಲ್ಲಿಂದ ಅಲ್ಲೀತನಕ, ಸೊಟ್ಟಕ" ಎಂದು ಕೈ ತೋರಿಸಿದ. ತಂಗಿಯ ಕಡೆ ನೋಡಲಿಲ್ಲ. "ಯಾಕಂತ ನಾ ಕೇಳಾಕ ಹೋಗಿರಲಿಲ್ಲ. ಗೊತ್ತಾಗೋದು ಬ್ಯಾಡಾಗಿತ್ತು."

ಈ ಸಲ ಗುದ್ದಲಿ ಹಗುರಾಗಿ ಇಳಿಯಿತು. ಮೇಲಿನ ಕೆಸರು ಮಣ್ಣು ಹೋದ ಮೇಲೆ ಗುಂಡಿಯ ಗೋಡೆ ಕೌದಿಯ ಹಾಗೆ ಬಣ್ಣಬಣ್ಣವಾಗಿ ಕಂಡಿತು. ದಿನ್ನೆಯ ಕೆಂಪು ಮಣ್ಣಿನದೊಂದು ಉಂಡೆ, ಪಕ್ಕದಲ್ಲಿ ಎರೆಮಣ್ಣಿನದು, ಅದರ ಮೇಲೆ ತಿಪ್ಪೆಯ ಬೂದಿಯದು, ಮಡಕೆಯ ಚೂರು. ಒಂದೊಂದೂ ಒಂದು ಬುಟ್ಟಿಯಷ್ಟು. ಎರಡು ಬೇಸಗೆಯ ಬುಟ್ಟಿಗಳೆಲ್ಲ, ಸುರಿದ ದಿನ ಹೇಗೆ ಬಿದ್ದಿದ್ದವೋ ಹಾಗೆಯೇ ಒಂದರ ಮೇಲೊಂದು ಕೂತಿದ್ದವು. ಬಸಲಿಂಗಮ್ಮನನ್ನು ಶರಣಮ್ಮ ಕೈ ಹಿಡಿದು ಕರೆತಂದಳು. ಅವಳು ಬಗ್ಗಿ ನೋಡಿದಳು.

"ನಿಮ್ಮಪ್ಪ ಬೂದಿ ಬ್ಯಾಡ ಅಂದಿದ್ದ. ತಿಪ್ಪಿ ಹತ್ರ ಆಗ್ತದಂತ ನಾನೇ ಹಾಕಿದ್ದೆ" ಎಂದಳು.

ಅಮರೇಗೌಡನ ಗುದ್ದಲಿ ನಿಂತಿತು. ಅವನು ಆ ಗೋಡೆಯ ಮೇಲೆ ಅಂಗೈ ಇಟ್ಟ. ಆಮೇಲೆ ಮತ್ತೆ ತೋಡಿದ. ಕೆಳಗೊಂದು ತೆಳ್ಳನೆಯ ಕಪ್ಪು ಗೆರೆ, ಅದು ಹಳೆಯ ನೆಲ. ಅದರ ಕೆಳಗೆ ಗುದ್ದಲಿ ಕರಕರನೆ ಸದ್ದು ಮಾಡಿತು. ಉಸುಕು. ನುಣ್ಣನೆಯ ಹಳ್ಳದ ಕಲ್ಲು. ಬಿಳಿಯ ಸಣ್ಣ ಸಣ್ಣ ಶಂಖದ ಹುಳದ ಚಿಪ್ಪುಗಳು. ನೋಡುತ್ತಿದ್ದಂತೆ ಉಸುಕಿನ ಸಂದಿನಿಂದ ನೀರು ಜಿನುಗಿ ಅವನ ಪಾದ ಮುಳುಗಿಸಿತು. ಅವನು ಬೊಗಸೆಯಲ್ಲೆತ್ತಿ ನಾಲಿಗೆಗೆ ಮುಟ್ಟಿಸಿ ಉಗುಳಿದ.

"ಉಪ್ಪು" ಎಂದ.

ಬಸಲಿಂಗಮ್ಮ ಆ ವಾರವೇ ಒಪ್ಪಿಗೆ ಕೊಟ್ಟಳು. ಹಳ್ಳ ತೋಡಲು ಯಂತ್ರ ಬಂದಾಗ ಅಮರೇಗೌಡ ಊರಲ್ಲಿರಲಿಲ್ಲ. ಲಿಂಗಸೂಗೂರಿನ ನೆಂಟರ ಮನೆಗೆ ಹೋಗಿದ್ದನೆಂದು ಶರಣಮ್ಮ ಫೋನಿನಲ್ಲಿ ಹೇಳಿದಳು. ನಾಲ್ಕು ಎಕರೆ ಹೋದ ಮೇಲೆ ಅವನು ಉಳಿದ ಹೊಲದಲ್ಲಿ ನೆಲ್ಲು ಬಿಟ್ಟು ಹತ್ತಿ ಹಾಕಿದ. ತಗ್ಗಿನಹಾಳದವರು ಬೇಸಗೆಯ ತಮ್ಮ ಪಾಳಿಯ ನೀರಿನಲ್ಲಿ ಒಂದು ಭಾಗವನ್ನು ಅವನಿಗೆ ಬಿಟ್ಟುಕೊಟ್ಟರು. ಅವನು ಬೇಡವೆನ್ನಲಿಲ್ಲ. ಆದರೆ ತಂಗಿಯೊಡನೆ ಮಾತು ನಿಂತೇಹೋಯಿತು. ಅವಳು ಹಬ್ಬಕ್ಕೆ ಬಂದರೆ ಅವನು ಹೊಲಕ್ಕೆ ಹೋಗುತ್ತಿದ್ದ.

ಪವಾಡವೇನೂ ಆಗಲಿಲ್ಲ. ಮೊದಲ ವರ್ಷ ಹಳ್ಳದಲ್ಲಿ ನೊರೆನೊರೆಯಾದ ಸವಳು ನೀರು ಹರಿಯಿತು. ಹುಸೇನಪ್ಪನ ಹೊಲ ಕೆಂಪಾಗಿಯೇ ಇತ್ತು, ಅವನೂ ಹೆಂಡತಿ ಹುಲಿಗೆಮ್ಮನೂ ಕೂಲಿಗೆ ಹೋದರು. ಎರಡನೆಯ ವರ್ಷ ಆ ಕೆಂಪು ಹಳದಿಗೆ ತಿರುಗಿತು. ಮೂರನೆಯ ವರ್ಷ ಅವನು ನೆಲ್ಲಿನ ಆಸೆ ಬಿಟ್ಟು, ಹಳೆಯ ಸರ್ವೇಯಲ್ಲಿ ಬರೆದಿದ್ದಂತೆ ಬಿಳಿಜೋಳ ಬಿತ್ತಿದ. ಅರ್ಧ ಹೊಲದಲ್ಲಿ ತೆನೆ ಕಟ್ಟಿತು. ತಗ್ಗಿನಹಾಳದ ಪಡುವಣ ಅಂಚಿನ ಎರಡು ಮನೆಯವರಿಗೆ ಮಾತ್ರ ಕನ್ನಡಿ ಹೇಳಿದಂತೆ ಆಗಲಿಲ್ಲ. ಅವರ ಹೊಲ ಸವಳಾಗಿಯೇ ಉಳಿದು, ಅವರು ಊರು ಬಿಟ್ಟರು. ಅವರು ಹೊರಟ ದಿನ ಶಿವಗಂಗಾ ಹೋಗಿ ಸಾಮಾನು ಏರಿಸಲು ಕೈ ಜೋಡಿಸಿದಳು.

ಆ ವರ್ಷದ ಮಳೆಗಾಲದಲ್ಲಿ ಒಂದು ದಿನ ಜಿಲಾನಿ ಕೇಂದ್ರದ ಫೋನನ್ನು ಅವಳ ಕಡೆ ಚಾಚಿದ. ರೈತರು ದೂರು ಹೇಳಲು ಇದ್ದ ನಂಬರು ಅದು.

"ನಮ್ಮ ಹೊಲ ಕನ್ನಡ್ಯಾಗ ಹೆಂಗ ಕಾಣ್ತದ?" ಅಣ್ಣನ ದನಿ.

ಶಿವಗಂಗಾ ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ಮೊಬೈಲಿನಾಗ ಬರವಲ್ದೇನಣ್ಣ?"

"ಬರ್ತದ. ಹಳ್ಳದ ಜಾಗ ಬರೇ ಖಾಲಿ ತೋರಸ್ತದ."

"ಅಲ್ಲಿ ಗೂಟ ಇಲ್ಲಲ್ಲ. ಬೆಳಿನೂ ಇಲ್ಲ. ಅಲ್ಲೇನೂ ಇಲ್ಲ ಅಂತ ಅದರ ಲೆಕ್ಕ."

"ಮೀನು ಅದಾವ."

ಅವಳಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಅನುಮಾನವಾಯಿತು. "ಏನಂದಿ?"

"ಮೀನು. ಸಣ್ಣವು. ಹೊಳಿಯಿಂದ ಏರಿ ಬಂದಾವ. ತಗ್ಗಿನಹಾಳದ ಹುಡುಗರು ಮುಂಜಾಲಿಂದ ಪಂಚಿ ಹಿಡಕೊಂಡು ನೀರಾಗ ಇಳದಾರ. ಅವ್ವ ದಂಡಿ ಮ್ಯಾಲ ಕುರ್ಚಿ ಹಾಕಿಸ್ಕೊಂಡು, ಹಿಡೀಬ್ಯಾಡ್ರಿ ಅಂತ ಅವರಿಗೆ ಬೈಕೋತ ಕುಂತಾಳ. ಅವು ಕೇಳವಲ್ವು." ಆ ಕಡೆಯಿಂದ ಹುಡುಗರ ಗದ್ದಲ, ನೀರಿನ ಸದ್ದು ಕೇಳುತ್ತಿತ್ತು. "ನಿನ್ನ ಕನ್ನಡ್ಯಾಗ ಕಾಣಂಗಿಲ್ಲೇನು?"

"ಇಲ್ಲಣ್ಣ. ಮೀನು ಕಾಣಂಗಿಲ್ಲ."

"ಹಂಗಾರ ಬಂದು ನೋಡಿ ಹೋಗು."

ಶಿವಗಂಗಾ ತೂಬುಗಳನ್ನು ನೋಡಿಕೊಳ್ಳಲು ಜಿಲಾನಿಗೆ ಹೇಳಿ, ಮಧ್ಯಾಹ್ನದ ಬಸ್ಸಿಗೆ ಹೊರಟಳು.